ಹುಲಾ: ಹೋಟೆಲ್‌ನಲ್ಲಿ ನೋಡಿದರೆ ಸಾಕಾ?

ಹೊನೊಲುಲುವಿನ ಹೋಟೆಲ್‌ಗಳಲ್ಲೇ ಹವಾಯಿಯ ಸಾಂಪ್ರದಾಯಿಕ ಕುಣಿತ ಹುಲಾ ಕಾಣಿಸುವಾಗ, ಅದಕ್ಕಾಗಿ ಅಲ್ಲಿನ ಬಿಷಪ್ ಮ್ಯೂಸಿಯಂಗೆ ಯಾಕೆ ಹೋಗಬೇಕು ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಹೋಟೆಲ್‌ಗಳಲ್ಲಿ ಜಾಸ್ತಿ ಸಿಗುವುದು ಗಿಟಾರ್, ಉಕುಲೆಲೆ ಜೊತೆಗಿನ ಹೊಸ ಬಗೆಯ ಹುಲಾ. ಹಳೆಯದು ಕಾಹಿಕೊ. ಅದರಲ್ಲಿ ಹಾಡು, ತಾಳ ಎರಡೇ ಜೀವಾಳ.

ಮ್ಯೂಸಿಯಂನಲ್ಲಿ ಈ ಹಳೆಯ ಹುಲಾದ ವಾದ್ಯಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮರದ ದಿಂಡು ಕೊರೆದು ಶಾರ್ಕ್ ಚರ್ಮ ಬಿಗಿದ ಪಹು, ಎರಡು ಸೋರೆಬುರುಡೆ ಕೂಡಿಸಿದ ಇಪು ಹೆಕೆ. ಗಂಡಸರು ಕಾಲಿಗೆ ಕಟ್ಟುತ್ತಿದ್ದ ಪಟ್ಟಿ ನನಗೆ ತುಂಬಾ ಇಷ್ಟ. ನಮ್ಮ ಗೆಜ್ಜೆಯಂತೆಯೇ, ಆದರೆ ಪೋಣಿಸಿರುವುದು ನಾಯಿಹಲ್ಲು! ಒಂದು ಪಟ್ಟಿಗೆ ನೂರಾರು ಹಲ್ಲು ಬೇಕು.

ಈ ಕಲೆ ಉಳಿದದ್ದೂ ಸುಮ್ನೆ ಅಲ್ಲ. ಕ್ರೈಸ್ತ ಧರ್ಮಕ್ಕೆ ಸೇರಿದ್ದ ರಾಣಿ ಕಾಅಹುಮನು 1830ರಲ್ಲಿ ಬಹಿರಂಗ ಹುಲಾ ನಿಷೇಧಿಸಿದರು. 1883ರಲ್ಲಿ ರಾಜ ಕಲಾಕೌವಾ ತಮ್ಮ ಪಟ್ಟಾಭಿಷೇಕದಲ್ಲೇ ಅದನ್ನು ಕುಣಿಸಿದರು. ಧೈರ್ಯ ನೋಡಿ!

ಈಸ್ಟರ್ ಮುಗಿದ ವಾರ ಹವಾಯಿಯಲ್ಲಿದ್ದರೆ ಬೇರೆ ದ್ವೀಪದಲ್ಲಿರುವ ಹಿಲೊ ಊರಿಗೂ ಹೋಗಿ. ಈ ರಾಜನ ನೆನಪಿನ ಮೆರ್ರಿ ಮೊನಾರ್ಕ್ ಹುಲಾ ಉತ್ಸವ ಇರುತ್ತದೆ. ಸ್ಪರ್ಧೆಯ ಟಿಕೆಟ್ ಮಾತ್ರ ಮೊದಲೇ ವಿಚಾರಿಸಿ.