ಅಂತಾಲ್ಯದ ರೆಸಾರ್ಟಿನಲ್ಲಿ ಉಳಿದುಕೊಂಡೇ ಲಿಸಿಯಾ ಕರಾವಳಿಯನ್ನು ನೋಡಿ ಬರಬಹುದೇ?

ವಯಸ್ಸಾದ ತಂದೆತಾಯಿಯ ಜೊತೆ ಒಂದು ವಾರ ಟರ್ಕಿಯ ದಕ್ಷಿಣ ಕರಾವಳಿಗೆ ಹೋಗುವವರಿದ್ದೀರಿ, ಊಟ ತಿಂಡಿ ಎಲ್ಲವೂ ಸೇರಿದ ಒಂದು ರೆಸಾರ್ಟನ್ನು ಅಂತಾಲ್ಯದಲ್ಲಿ ನೋಡಿಟ್ಟಿದ್ದೀರಿ, ಅಲ್ಲಿಂದ ದಿನಕ್ಕೊಂದು ಜಾಗ ನೋಡಿಬರಲು ಪಟ್ಟಿ ಕೇಳಿದ್ದೀರಿ. ಪಟ್ಟಿಯ ಮಾತು ಆಮೇಲಿರಲಿ, ಆ ರೆಸಾರ್ಟಿಗೆ ಇನ್ನೂ ಹಣ ಕಟ್ಟಿಲ್ಲವಾದರೆ ದಯವಿಟ್ಟು ಕಟ್ಟಬೇಡಿ. ಇದೇ ಯೋಜನೆಯನ್ನು ಹಾಕಿಕೊಂಡು, ಹೆಂಡತಿಯನ್ನೂ ಅಮ್ಮನನ್ನೂ ಕರೆದುಕೊಂಡು, ಅದೂ ಜುಲೈ ತಿಂಗಳಿನಲ್ಲಿ ನಾನು ಹೋಗಿದ್ದೆ.

ಅಂತಾಲ್ಯದಿಂದ ಕಾಶ್ ಪಟ್ಟಣಕ್ಕೆ ಸುಮಾರು 190 ಕಿ.ಮೀ. ಎಂದು ನಕ್ಷೆಯಲ್ಲಿ ಕಂಡಾಗ, ಬೆಂಗಳೂರಿನಿಂದ ಹಾಸನಕ್ಕೆ ಹೋದಷ್ಟೇ ತಾನೇ ಎಂದುಕೊಂಡು, ರದ್ದುಮಾಡಿದರೆ ಹಣ ಹಿಂತಿರುಗದ ಅಗ್ಗದ ದರದಲ್ಲಿ ಇಡೀ ಪ್ರವಾಸಕ್ಕೆ ಒಂದೇ ಹೋಟೆಲನ್ನು ಕಾಯ್ದಿರಿಸಿದೆ. ಈ ಲೆಕ್ಕ ಎಲ್ಲಿ ಕೆಟ್ಟಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪ್ರಾಚೀನ ಲಿಸಿಯಾ ಅಂತಾಲ್ಯದಿಂದ ಪಶ್ಚಿಮಕ್ಕೆ ಫೆತಿಯೆಯವರೆಗೆ ಚಾಚಿಕೊಂಡಿರುವ ನಾಡು. ಅಂತಾಲ್ಯವಿರುವುದು ಅದರ ಪೂರ್ವದ ಅಂಚಿನಲ್ಲಿಯೇ ಹೊರತು ನಡುವಿನಲ್ಲಲ್ಲ. ಹೀಗಾಗಿ ಅಲ್ಲಿ ಉಳಿದುಕೊಂಡವರು ಪ್ರತಿದಿನವೂ ಅದೇ ದಾರಿಯನ್ನು ಮೊದಲಿನಿಂದ ತುಳಿಯಬೇಕು. ಆ ದಾರಿಯೂ ಸುಲಭದ್ದಲ್ಲ. ಟಾರಸ್ ಪರ್ವತಗಳು ಅಲ್ಲಿ ನೇರವಾಗಿ ಸಮುದ್ರಕ್ಕೆ ಇಳಿಯುವುದರಿಂದ, ಡಿ-400 ಹೆದ್ದಾರಿ ಬೆಟ್ಟದ ಮಗ್ಗುಲನ್ನು ಹಿಡಿದು ತಿರುವಿನ ಮೇಲೆ ತಿರುವು ತೆಗೆದುಕೊಳ್ಳುತ್ತದೆ. ಕಾಶ್ ಮುಟ್ಟಲು ಮೂರೂವರೆ ನಾಲ್ಕು ಗಂಟೆ ಹಿಡಿಯುತ್ತದೆ. ಪ್ಯಾಕೇಜಿನ ಬಸ್ಸಾದರೆ ಒಂದೊಂದೇ ಹೋಟೆಲಿನ ಮುಂದೆ ನಿಂತು ಜನರನ್ನು ಹತ್ತಿಸಿಕೊಂಡು ಊರು ಬಿಡುವಷ್ಟರಲ್ಲಿಯೇ ಬಿಸಿಲೇರಿರುತ್ತದೆ. ಎರಡನೆಯ ಸಲ ಹಾಗೆ ಕಾಯುತ್ತಾ ಕುಳಿತಿದ್ದಾಗ ಅಮ್ಮ, “ನಾವು ಸಮುದ್ರ ನೋಡೋಕೆ ಬಂದಿದ್ದೋ, ಬಸ್ಸು ನೋಡೋಕೋ?” ಎಂದರು.

ಹಣಕ್ಕಿಂತ ಹೆಚ್ಚಾಗಿ ನಾವು ಕಳೆದುಕೊಂಡದ್ದು ಹೊತ್ತನ್ನು. ಆ ಕರಾವಳಿಯಲ್ಲಿ ಒಂದೊಂದು ಜಾಗಕ್ಕೂ ಅದರದೇ ಹೊತ್ತಿದೆ, ನಾವು ಎಲ್ಲೆಡೆಯೂ ತಲುಪಿದ್ದು ನಡುಮಧ್ಯಾಹ್ನಕ್ಕೆ. ಕಡಲ ದಂಡೆಯ ಹಳ್ಳಿಯಾದ ಚಿರಾಲಿಯ ಮೇಲಿನ ಯಾನರ್ತಾಶ್ ಎಂಬ ಗುಡ್ಡದಲ್ಲಿ, ಭೂಮಿಯೊಳಗಿನ ಅನಿಲ ಬಂಡೆಯ ಬಿರುಕುಗಳಿಂದ ಹೊರಬಂದು ಎರಡು ಸಾವಿರ ವರ್ಷಗಳಿಗೂ ಮೀರಿ ಉರಿಯುತ್ತಿದೆ. ಗ್ರೀಕ್ ಪುರಾಣದ ಬೆಂಕಿಯುಗುಳುವ ಕಿಮೇರಾ ಎಂಬ ಪ್ರಾಣಿಯನ್ನು ಈ ಜಾಗಕ್ಕೆ ತಳುಕುಹಾಕುತ್ತಾರೆ. ಕಲ್ಲುಮೆಟ್ಟಿಲುಗಳನ್ನು ಏದುಸಿರು ಬಿಡುತ್ತಾ ಹತ್ತಿ ಹೋದರೆ, ಸುಡುಬಿಸಿಲಿನಲ್ಲಿ ಜ್ವಾಲೆಯೇ ಸರಿಯಾಗಿ ಕಾಣಲಿಲ್ಲ. ಬಂಡೆಯ ಮೇಲೆ ಗಾಳಿ ಅದುರುತ್ತಿರುವುದಷ್ಟೇ ಕಂಡಿತು. ಅದನ್ನು ನೋಡಬೇಕಾದದ್ದು ಕತ್ತಲಾದ ಮೇಲೆ, ಅಂದರೆ ಆ ರಾತ್ರಿ ಚಿರಾಲಿಯಲ್ಲಿಯೇ ಇರುವವರು.

ಮೈರಾದಲ್ಲಿಯೂ ಅದೇ ಪಾಡು. ದೆಮ್ರೆ ಊರಿನ ಪಕ್ಕದ ಆ ಹಳೆಯ ಲಿಸಿಯಾ ಪಟ್ಟಣದ ಬಂಡೆಯಲ್ಲಿ ಕೊರೆದಿರುವ ಸಮಾಧಿಗಳು ಮರದ ಮನೆಗಳ ಪಡಿಯಚ್ಚು: ತೊಲೆಗಳ ತುದಿಗಳು ಗೋಡೆಯಿಂದ ಹೊರಚಾಚಿರುವುದನ್ನೂ ಬಾಗಿಲ ಚೌಕಟ್ಟುಗಳನ್ನೂ ಕಲ್ಲಿನಲ್ಲಿ ಹಾಗೆಯೇ ಕಡೆದಿದ್ದಾರೆ. ಮೇಲೆ ಹತ್ತಲು ಬಿಡುವುದಿಲ್ಲವಾದ್ದರಿಂದ ಕೆಳಗೆ ನಿಂತು ಕತ್ತೆತ್ತಿ ನೋಡಬೇಕು. ನಡುಹಗಲಿನಲ್ಲಿ ಅಮ್ಮನಿಗೆ ತಲೆ ಸುತ್ತಿ, ನಾವು ಟಿಕೆಟ್ ಕೌಂಟರಿನ ಬಳಿಯ ನೆರಳಿಗೆ ಓಡಿದೆವು. ಬಿಸಿಲಿನ ಮಾತು ಹಾಗಿರಲಿ, ಲಿಸಿಯಾದ ಇನ್ನೊಂದು ಪ್ರಾಚೀನ ಊರಾದ ಪತಾರಕ್ಕಂತೂ ನಮ್ಮ ಬಸ್ಸು ಹೋಗಲೇ ಇಲ್ಲ. ಕೊನೆಗೆ ಅಂತಾಲ್ಯದ ಕೋಣೆಗೆ ಬೀಗ ಹಾಕಿಬಿಟ್ಟು ಕಾಶ್‌ನಲ್ಲಿ ಒಂದು ಸಣ್ಣ ಅತಿಥಿಗೃಹ ಹಿಡಿದು, ಎರಡಕ್ಕೂ ಬಾಡಿಗೆ ತೆತ್ತೆ. ಪ್ರವಾಸ ಶುರುವಾದದ್ದು ಆಗಲೇ.

ಆದ್ದರಿಂದ ದಿನಕ್ಕೊಂದು ಜಾಗ ಎಂಬ ನಿಮ್ಮ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಅಂತಾಲ್ಯದಲ್ಲಿ ವಿಮಾನ ಇಳಿದು ಊರೊಳಗೆ ಹೋಗದೆ ಚಿರಾಲಿಗೆ ಹೊರಡಿ, ಅಲ್ಲಿಂದ ಕಾಶ್‌ಗೆ. ಅಂತಾಲ್ಯವನ್ನು ಹಿಂದಿರುಗುವ ಮುನ್ನಾದಿನಕ್ಕೆ ಇಟ್ಟುಕೊಳ್ಳಿ. ರೋಮನ್ ಚಕ್ರವರ್ತಿ ಹೇಡ್ರಿಯನ್ ಬಂದ ನೆನಪಿಗೆ ಸಾ.ಶ. 130ರಲ್ಲಿ ಕಟ್ಟಿದ ಮೂರು ಕಮಾನುಗಳ ಹೆಬ್ಬಾಗಿಲಿಗೂ ಹಳೆಯ ಪೇಟೆಗೂ ಒಂದು ಸಂಜೆ ಸಾಕು. ಚಿರಾಲಿಗೆ ಹೋಗುವ ದಾರಿಯಲ್ಲಿಯೇ ಪ್ರಾಚೀನ ಬಂದರು ಪಟ್ಟಣ ಫಾಸೆಲಿಸ್‌ನ ಅವಶೇಷಗಳು ಸಿಗುತ್ತವೆ. ಪೈನ್ ಮರಗಳ ನೆರಳಿನಲ್ಲಿ, ಒಂದು ಬಂದರಿನಿಂದ ಇನ್ನೊಂದಕ್ಕೆ ಹಾಸುಗಲ್ಲಿನ ಸಮತಟ್ಟಾದ ಬೀದಿಯಿದೆ. ನೀವು ಈಜುತ್ತಿದ್ದರೆ ಹಿರಿಯರು ದಡದಲ್ಲಿ ಕುಳಿತಿರಬಹುದು.

ಕಾಶ್‌ನಲ್ಲಿದ್ದರೆ ಕೆಕೋವಾ ಹತ್ತಿರ. ಭೂಕಂಪಗಳಿಂದ ನೆಲ ಕುಸಿದು, ಮೆಟ್ಟಿಲುಗಳು ಅರ್ಧಕ್ಕೇ ನೀರಿನೊಳಗೆ ಇಳಿದುಹೋಗಿರುವ ಊರು ಅದು. ಮುಳುಗಿದ ಅವಶೇಷಗಳ ಮೇಲೆ ಈಜುವುದು ನಿಷಿದ್ಧ, ದೋಣಿಯಿಂದಲೇ ನೋಡಬೇಕು. ದೊಡ್ಡ ದೋಣಿಯ ಗದ್ದಲ ಬೇಡವೆನಿಸಿದರೆ ಉಚಾಯಿಜ್ ಹಳ್ಳಿಗೆ ಬೆಳಿಗ್ಗೆಯೇ ಹೋಗಿ ಚಿಕ್ಕ ದೋಣಿಯನ್ನು ಮಾತಾಡಿಕೊಳ್ಳಿ. ಕಾಶ್‌ನ ಅಂಗಡಿ ಬೀದಿಯ ಏರಿನ ತುದಿಯಲ್ಲಿ, ಮುಚ್ಚಳದಿಂದ ಸಿಂಹದ ತಲೆಗಳು ಹೊರಚಾಚಿದ ಎತ್ತರದ ಕಲ್ಲಿನ ಶವಪೆಟ್ಟಿಗೆಯೊಂದು ಮನೆಗಳ ನಡುವೆಯೇ ನಿಂತಿದೆ. ಸಂಜೆಗೆ ಸಮುದ್ರಕ್ಕೆ ಮುಖ ಮಾಡಿದ ಹಳೆಯ ರಂಗಮಂದಿರವಿದೆ.

ಪತಾರವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಲಿಸಿಯಾದ ಊರುಗಳು ಒಕ್ಕೂಟ ಕಟ್ಟಿಕೊಂಡು, ದೊಡ್ಡ ಊರಿಗೆ ಮೂರು, ನಡುವಣದಕ್ಕೆ ಎರಡು, ಚಿಕ್ಕದಕ್ಕೆ ಒಂದು ಮತವೆಂದು ಹಂಚಿಕೊಂಡಿದ್ದವು ಎಂದು ಪ್ರಾಚೀನ ಗ್ರೀಕ್ ಭೂಗೋಳಕಾರ ಸ್ಟ್ರೇಬೊ ಬರೆದಿದ್ದಾನೆ. ಆ ಒಕ್ಕೂಟದ ಸಭೆ ಪತಾರದಲ್ಲಿ ಸೇರುತ್ತಿದ್ದ ಕಟ್ಟಡವನ್ನು ಈಗ ಜೀರ್ಣೋದ್ಧಾರ ಮಾಡಿದ್ದಾರೆ. ಬಂದರು ಹೂಳು ತುಂಬಿ ಜೌಗಾಗಿದೆ. ಅದರಾಚೆಯ ಉದ್ದನೆಯ ಮರಳದಂಡೆಯಲ್ಲಿ ಕಡಲಾಮೆಗಳು ಮೊಟ್ಟೆಯಿಡುವುದರಿಂದ ಬೇಸಿಗೆಯಲ್ಲಿ ರಾತ್ರಿ ಪ್ರವೇಶವಿಲ್ಲ. ಯುನೆಸ್ಕೊ 1988ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ಕ್ಸಾಂಥೋಸ್ ಎಂಬ ಹಳೆಯ ಲಿಸಿಯಾ ಪಟ್ಟಣ ಅಲ್ಲಿಂದ ಹತ್ತಿರವಾದರೂ ನೆರಳು ಕಡಿಮೆ, ತಂದೆಯವರ ಉತ್ಸಾಹ ನೋಡಿಕೊಂಡು ನಿರ್ಧರಿಸಿ.

ಸಸ್ಯಾಹಾರದ ಚಿಂತೆಗಾಗಿ ರೆಸಾರ್ಟ್ ಬೇಕೆಂದಿದ್ದೀರಿ, ಆ ಚಿಂತೆ ಬೇಡ. ತೆಳ್ಳಗೆ ಲಟ್ಟಿಸಿದ ಹಾಳೆಯೊಳಗೆ ಪಾಲಕ್ ಇಲ್ಲವೇ ಚೀಸ್ ಮಡಚಿ ಕಾವಲಿಯ ಮೇಲೆ ಬೇಯಿಸುವ ಗೊಜ್ಲೆಮೆ ಹಳ್ಳಿಹಳ್ಳಿಯಲ್ಲಿ ಸಿಗುತ್ತದೆ. ಬೇಳೆಯ ಸೂಪಿಗೆ ಕೆಲವರು ಮಾಂಸದ ರಸ ಹಾಕುತ್ತಾರೆ, ಕೇಳಿಯೇ ತರಿಸಿಕೊಳ್ಳಿ. ಹೋಗುವುದಾದರೆ ಮೇ ಅಥವಾ ಅಕ್ಟೋಬರ್ ಆಯ್ದುಕೊಳ್ಳಿ. ಅಕ್ಟೋಬರಿನಲ್ಲಿ ನೀರು ಇನ್ನೂ ಬೆಚ್ಚಗಿರುತ್ತದೆ. ತಾಯಿಯವರಿಗೆ ಮೊಣಕಾಲು ನೋವಿದ್ದರೆ ಯಾನರ್ತಾಶ್‌ನ ಮೆಟ್ಟಿಲು ಹತ್ತಿಸಬೇಡಿ, ಒಬ್ಬರು ಅವರ ಜೊತೆ ಕೆಳಗೆ ಉಳಿದು ಉಳಿದವರು ಟಾರ್ಚ್ ಹಿಡಿದು ಹೋಗಿಬನ್ನಿ.