ಇಂಗ್ಲೆಂಡಿನಿಂದ ರಷ್ಯಾಕ್ಕೆ ಹೋದ ಪೂರ್ವಜರನ್ನು ಹುಡುಕುವುದು ಹೇಗೆ?

ಲ್ಯಾಂಕಾಶೈರಿನಿಂದ ರಷ್ಯಾದ ಹತ್ತಿ ಗಿರಣಿಗೆ ಕೆಲಸಕ್ಕೆ ಹೋದವರ ಜಾಡು ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ನೇರವಾಗಿ ರಷ್ಯಾದ ದಾಖಲೆಗಳಿಗೆ ಕೈ ಹಾಕಬೇಡಿ. ಲಂಡನ್ನಿನಿಂದಲೇ ಶುರು ಮಾಡಿ, ಖರ್ಚೂ ಕಡಿಮೆ. ರಷ್ಯಾದಲ್ಲಿದ್ದ ಇಂಗ್ಲಿಷರು ತಮ್ಮದೇ ಚರ್ಚಿಗೆ ಹೋಗುತ್ತಿದ್ದರು. ಸೇಂಟ್ ಪೀಟರ್ಸ್‌ಬರ್ಗಿನ ಚರ್ಚಿನ ಜನನ, ಮದುವೆ, ಸಾವಿನ ದಾಖಲೆಗಳ ಒಂದಷ್ಟು ಭಾಗ ಲಂಡನ್ನಿನ ಕ್ಯೂ (Kew) ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ, ಆರ್‌ಜಿ 33 (RG 33) ಎಂಬ ಕಡತಗಳ ಸರಣಿಯಲ್ಲಿದೆ. ಪತ್ರ, ಫೋಟೊ, ಡೈರಿ ಬೇಕಿದ್ದರೆ ಲೀಡ್ಸ್ ವಿಶ್ವವಿದ್ಯಾಲಯದ ರಷ್ಯನ್ ಸಂಗ್ರಹ ನೋಡಿ. ಇತಿಹಾಸಕಾರ ಎರಿಕ್ ಅಂಬುರ್ಗರ್ ಕೂಡಿಸಿದ, ರಷ್ಯಾದಲ್ಲಿದ್ದ ವಿದೇಶಿಯರ ಪಟ್ಟಿ ಆನ್‌ಲೈನಿನಲ್ಲಿದೆ, ಆದರೆ ಜರ್ಮನ್ ಭಾಷೆಯಲ್ಲಿ.

ಜಾಸ್ತಿ ಜನ ಎಡವುವುದು ಹೆಸರಿನಲ್ಲಿ. ರಷ್ಯನ್ ಲಿಪಿಯಲ್ಲಿ ‘ಹ’ಕಾರ ಎಷ್ಟೋ ಸಲ ‘ಗ’ ಆಗುತ್ತದೆ, ಹ್ಯಾರಿ ಗ್ಯಾರಿಯಾಗುತ್ತಾನೆ. ಈಗಿನ ಡೊನೆಟ್ಸ್ಕ್ ಊರು ಕಟ್ಟಿದ ವೇಲ್ಸಿನ ಜಾನ್ ಹ್ಯೂಸ್ ಅಲ್ಲಿ ‘ಯೂಜ್’ ಆದ, ಅವನ ಹೆಸರಿನಿಂದ ಊರು ಆಗ ಯೂಜೊವ್ಕಾ ಆಯಿತು! ಜೊತೆಗೆ ಅಪ್ಪನ ಹೆಸರೂ ಸೇರುತ್ತದೆ: ಜಾನ್ ಮಗ ವಿಲಿಯಂ ಸುಮ್ನೆ ‘ವಾಸಿಲಿ ಇವಾನೊವಿಚ್’ ಆಗಿಬಿಡಬಹುದು (ಜಾನ್ ಅಲ್ಲಿ ಇವಾನ್, ಇವಾನೊವಿಚ್ ಅಂದರೆ ಇವಾನನ ಮಗ).

ತಾರೀಖೂ ನೋಡಿಕೊಳ್ಳಿ. 1918ರವರೆಗೆ ರಷ್ಯಾದಲ್ಲಿ ಹಳೆಯ (ಜೂಲಿಯನ್) ಕ್ಯಾಲೆಂಡರ್. 19ನೇ ಶತಮಾನದಲ್ಲಿ ಅದು ಇಂಗ್ಲೆಂಡಿನ ಕ್ಯಾಲೆಂಡರಿಗಿಂತ 12 ದಿನ ಹಿಂದೆ. ಅಲ್ಲಿನ 1880ರ ಡಿಸೆಂಬರ್ 25 ಅಂದರೆ ಇಂಗ್ಲೆಂಡಿನಲ್ಲಿ 1881ರ ಜನವರಿ 6. ಇಸವಿಯೇ ಬದಲಾಯಿತು, ಅಲ್ವಾ?