ಪರದೆಯ ಮೇಲಿನ ಅಕ್ಷರ ಮತ್ತು ಚಲನೆ: ಟಿ.ವಿ. ಗ್ರಾಫಿಕ್ಸ್ ಕುರಿತ ಓದುಗರ ಪ್ರಶ್ನೆಗಳು

ಟಿ.ವಿ. ಪರದೆಗೆ ಗ್ರಾಫಿಕ್ಸ್ ರೂಪಿಸುವವರಿಂದಲೂ ಅದನ್ನು ಕಲಿಯಬೇಕೆಂದಿರುವವರಿಂದಲೂ ಬಂದ ಪತ್ರಗಳಲ್ಲಿ ಹಲವು ಒಂದೇ ತೊಡಕನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿವೆ. ಅಂಥವನ್ನು ಕೂಡಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಮುದ್ರಣ ವಿನ್ಯಾಸದಿಂದ ಈ ಕ್ಷೇತ್ರಕ್ಕೆ ಬಂದವಳು. ಮಾತನಾಡುವವರ ಹೆಸರನ್ನು ಪರದೆಯ ಕೆಳಭಾಗದಲ್ಲಿ ತೋರಿಸುವ ಪಟ್ಟಿ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿ ಕಂಡರೂ ಟಿ.ವಿ.ಯಲ್ಲಿ ಬಂದಾಗ ಅದರ ತೆಳುಗೆರೆಗಳು ನಡುಗುತ್ತವೆ. ಕೆಲವು ಸೆಟ್‌ಗಳಲ್ಲಿ ಅಂಚಿನ ಅಕ್ಷರಗಳೇ ಕಾಣುವುದಿಲ್ಲ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಇವು ಎರಡು ಬೇರೆ ಬೇರೆ ತೊಂದರೆಗಳು. ಮೊದಲನೆಯದಕ್ಕೆ ಕಾರಣ ಇಂಟರ್‌ಲೇಸ್ ಪದ್ಧತಿ. ಸೆಕೆಂಡಿಗೆ 50 ಫೀಲ್ಡ್‌ಗಳ 1080 ಸಾಲಿನ ಪ್ರಸಾರದಲ್ಲಿ ಒಂದು ಫೀಲ್ಡ್ ಬೆಸ ಸಂಖ್ಯೆಯ 540 ಸಾಲುಗಳನ್ನೂ ಮುಂದಿನದು ಸಮ ಸಂಖ್ಯೆಯ 540 ಸಾಲುಗಳನ್ನೂ ಹೊತ್ತು ತರುತ್ತದೆ. ಎರಡು ಸೇರಿದರೆ ಒಂದು ಪೂರ್ಣ ಫ್ರೇಮ್. ನೀವು ಒಂದೇ ಪಿಕ್ಸೆಲ್ ದಪ್ಪದ ಅಡ್ಡಗೆರೆ ಎಳೆದರೆ ಅದು ಯಾವುದಾದರೂ ಒಂದು ಫೀಲ್ಡಿನಲ್ಲಿ ಮಾತ್ರ ಇರುತ್ತದೆ, ಅಂದರೆ ಸೆಕೆಂಡಿಗೆ 25 ಸಲ ಕಾಣಿಸಿಕೊಂಡು 25 ಸಲ ಮರೆಯಾಗುತ್ತದೆ. ಆ ನಡುಕವನ್ನೇ ನೀವು ನೋಡುತ್ತಿರುವುದು. ಅಡ್ಡಗೆರೆಗಳನ್ನು ಕನಿಷ್ಠ ಎರಡು, ಸಾಧ್ಯವಾದರೆ ಮೂರು ಪಿಕ್ಸೆಲ್ ದಪ್ಪ ಮಾಡಿ. ಅವುಗಳ ಮೇಲಂಚು, ಕೆಳಅಂಚುಗಳನ್ನು ತುಸು ಮಸುಕಾಗಿಸಿ. ಕೂದಲೆಳೆಯಂಥ ಗೆರೆಗಳಿರುವ ಫಾಂಟುಗಳನ್ನು ಬಿಟ್ಟುಬಿಡಿ. ಲಂಬವಾದ ಗೆರೆಗಳಿಗೆ ಈ ಬಾಧೆಯಿಲ್ಲ. ಇಂದಿನ ಚಪ್ಪಟೆ ಪರದೆಯ ಸೆಟ್‌ಗಳು ಎರಡು ಫೀಲ್ಡ್‌ಗಳನ್ನು ತಾವೇ ಬೆಸೆದು ತೋರಿಸುತ್ತವೆ, ನಿಜ. ಆದರೆ ಒಂದೊಂದು ಸೆಟ್ ಒಂದೊಂದು ರೀತಿಯಲ್ಲಿ ಬೆಸೆಯುವುದರಿಂದ ಅವುಗಳನ್ನು ನೆಚ್ಚಿಕೊಂಡು ವಿನ್ಯಾಸ ಮಾಡಲಾಗದು.

ಅಂಚು ಕಾಣದಿರುವುದಕ್ಕೆ ಕಾರಣ ಓವರ್‌ಸ್ಕ್ಯಾನ್. ಹಳೆಯ ಪಿಕ್ಚರ್ ಟ್ಯೂಬ್ ಸೆಟ್‌ಗಳು ಚಿತ್ರದ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿದ್ದವು. ಹೊಸ ಸೆಟ್‌ಗಳಲ್ಲಿಯೂ ಕೆಲವು ಚಿತ್ರವನ್ನು ಸ್ವಲ್ಪ ಹಿಗ್ಗಿಸಿಯೇ ತೋರಿಸುತ್ತವೆ. ಯುರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ನಿನ ಆರ್ 95 ಶಿಫಾರಸಿನ ಪ್ರಕಾರ 16:9 ಚಿತ್ರದಲ್ಲಿ ಮುಖ್ಯ ದೃಶ್ಯವು ಪ್ರತಿ ಅಂಚಿನಿಂದ ಶೇ. 3.5ರಷ್ಟು, ಅಕ್ಷರಗಳು ಶೇ. 5ರಷ್ಟು ಒಳಗಿರಬೇಕು. 1920 × 1080 ಪಿಕ್ಸೆಲ್‌ಗಳ ಚಿತ್ರದಲ್ಲಿ ಅಕ್ಷರಗಳಿಗೆ ಎಡಬಲಗಳಲ್ಲಿ 96, ಮೇಲೆ ಕೆಳಗೆ 54 ಪಿಕ್ಸೆಲ್‌ಗಳನ್ನು ಬಿಡಬೇಕೆಂದಾಯಿತು. ಪಟ್ಟಿಯ ಬಣ್ಣ ಅಂಚಿನವರೆಗೆ ಹರಡಿದರೆ ಅಡ್ಡಿಯಿಲ್ಲ. ಅಕ್ಷರ ಮಾತ್ರ ಆ ಗಡಿಯನ್ನು ದಾಟಬಾರದು. ಇನ್ನೊಂದು ಮಾತು: ಕಂಪ್ಯೂಟರಿನಿಂದ ಎರಡು ಅಡಿ ದೂರದಲ್ಲಿ ಕುಳಿತು ಆರಿಸಿದ ಅಕ್ಷರದ ಗಾತ್ರವನ್ನು ಹತ್ತು ಅಡಿ ದೂರದಿಂದ, ನಿಜವಾದ ಟಿ.ವಿ.ಯ ಮೇಲೆ ಓದಿ ನೋಡದೆ ಒಪ್ಪಬೇಡಿ. ಮುದ್ರಣದಿಂದ ಬಂದವರು ಅಕ್ಷರವನ್ನು ಸಣ್ಣದಾಗಿಯೇ ಇಡುತ್ತಾರೆ, ಏಕೆಂದರೆ ಪುಟವನ್ನು ಓದುಗರು ಹತ್ತಿರಕ್ಕೆ ತಂದುಕೊಳ್ಳಬಲ್ಲರು. ಪರದೆಯನ್ನು ಹಾಗೆ ತಂದುಕೊಳ್ಳಲಾಗುವುದಿಲ್ಲ.

ಪ್ರಶ್ನೆ: ಲೋವರ್ ಥರ್ಡ್, ಅಂದರೆ ಪರದೆಯ ಕೆಳಭಾಗದ ಹೆಸರಿನ ಪಟ್ಟಿ, ಎಷ್ಟು ಹೊತ್ತಿನಲ್ಲಿ ಒಳಬರಬೇಕು, ಎಷ್ಟು ಹೊತ್ತು ನಿಲ್ಲಬೇಕು? ನನ್ನ ಅನಿಮೇಷನ್ ‘ಯಂತ್ರದಂತೆ’ ಇದೆ ಎಂದು ಹಿರಿಯ ಸಹೋದ್ಯೋಗಿಗಳು ಹೇಳುತ್ತಾರೆ. ಏನು ಮಾಡಿದರೆ ಅದಕ್ಕೆ ಜೀವ ಬರುತ್ತದೆ?

ಉತ್ತರ: ನಿಲ್ಲುವ ಹೊತ್ತನ್ನು ಮೊದಲು ನಿರ್ಧರಿಸಿ, ಚಲನೆಯನ್ನು ಆಮೇಲೆ. ಟಿ.ವಿ. ನೋಡುವವರು ಓದುವ ವೇಗವನ್ನು ತಾವು ಆರಿಸಿಕೊಳ್ಳುವುದಿಲ್ಲ. ನಾವು ಕೊಟ್ಟಷ್ಟೇ ಸಮಯ ಅವರಿಗೆ ಸಿಗುತ್ತದೆ, ಅದರಲ್ಲಿ ಒಂದು ಪಾಲು ಮಾತನಾಡುತ್ತಿರುವ ಮುಖವನ್ನು ನೋಡಲು ಹೋಗುತ್ತದೆ. ಆದ್ದರಿಂದ ಪಟ್ಟಿಯಲ್ಲಿರುವುದನ್ನು ಅವಸರವಿಲ್ಲದೆ ಗಟ್ಟಿಯಾಗಿ ಎರಡು ಸಲ ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅದು ಅಲುಗಾಡದೆ ನಿಲ್ಲಬೇಕು. ಹೆಸರು, ಹುದ್ದೆ ಎಂಬ ಎರಡು ಸಾಲುಗಳಿಗೆ ಸಾಮಾನ್ಯವಾಗಿ ಐದಾರು ಸೆಕೆಂಡು ಹಿಡಿಯುತ್ತದೆ. ಬರುವ ಮತ್ತು ಹೋಗುವ ಚಲನೆಯ ಸಮಯವನ್ನು ಇದರಲ್ಲಿ ಸೇರಿಸಿ ಲೆಕ್ಕ ಹಾಕುವುದು ಬಹಳ ಕಡೆ ಕಾಣುವ ದೋಷ. ಅದರಿಂದ ಓದುವ ಸಮಯ ಸುಮಾರು ಒಂದು ಸೆಕೆಂಡಿನಷ್ಟು ಕಡಿಮೆಯಾಗುತ್ತದೆ.

ಇನ್ನು ಚಲನೆ. ಸೆಕೆಂಡಿಗೆ 25 ಫ್ರೇಮ್‌ಗಳ ಲೆಕ್ಕದಲ್ಲಿ ಒಳಬರಲು 15ರಿಂದ 20 ಫ್ರೇಮ್, ಹೊರಹೋಗಲು 8ರಿಂದ 12 ಫ್ರೇಮ್ ಸಾಕು. ಹೋಗುವುದು ಬೇಗ ಮುಗಿಯಬೇಕು, ಏಕೆಂದರೆ ಆ ಹೊತ್ತಿಗೆ ನೋಡುಗರಿಗೆ ಅದರ ಅಗತ್ಯ ತೀರಿರುತ್ತದೆ. ನಿಮ್ಮ ಅನಿಮೇಷನ್ ಯಂತ್ರದಂತೆ ತೋರುವುದಕ್ಕೆ ಬಹುಶಃ ಎರಡು ಕೀಫ್ರೇಮ್‌ಗಳ (ಚಲನೆಯ ಆರಂಭ ಮತ್ತು ಕೊನೆಯನ್ನು ಗೊತ್ತುಮಾಡುವ ಫ್ರೇಮ್‌ಗಳ) ನಡುವೆ ವೇಗ ಒಂದೇ ಸಮನಾಗಿರುವುದು ಕಾರಣ. ತೂಕವಿರುವ ಯಾವ ವಸ್ತುವೂ ಹಾಗೆ ಹೊರಟು ಹಾಗೆ ನಿಲ್ಲುವುದಿಲ್ಲ. ವೇಗದ ಏರಿಳಿತವನ್ನು ಕರ್ವ್ ಆಗಿ ತೋರಿಸುವ ಗ್ರಾಫ್ ಎಡಿಟರ್ ತೆರೆದು, ಒಳಬರುವ ಪಟ್ಟಿ ಬಿರುಸಿನಿಂದ ಹೊರಟು ನಿಧಾನವಾಗಿ ನೆಲೆ ನಿಲ್ಲುವಂತೆಯೂ ಹೊರಹೋಗುವ ಪಟ್ಟಿ ನಿಧಾನವಾಗಿ ಕದಲಿ ಬಿರುಸಿನಿಂದ ಹೋಗುವಂತೆಯೂ ತಿದ್ದಿ. ಪಟ್ಟಿ, ಹೆಸರು, ಹುದ್ದೆ ಮೂರೂ ಒಟ್ಟಿಗೆ ಬರಬಾರದು. ಎರಡು ಮೂರು ಫ್ರೇಮ್‌ಗಳ ಅಂತರದಲ್ಲಿ ಒಂದರ ಹಿಂದೆ ಒಂದು ಬಂದರೆ ಕಣ್ಣಿಗೆ ಯಾವುದನ್ನು ಮೊದಲು ಓದಬೇಕೆಂಬ ದಾರಿ ಸಿಗುತ್ತದೆ. ಹೆಸರಿನ ಮೇಲೆ ಕಣ್ಣು ಬೀಳುವ ಹೊತ್ತಿಗೆ ಹೆಸರು ನಿಂತಿರಬೇಕು. ಅಕ್ಷರಗಳ ಹಿಂದೆ ಸದಾ ಹರಿದಾಡುವ ಹೊಳಪು, ಕಿಡಿ, ಅಲೆಗಳನ್ನು ನಾನು ಎಂದೂ ಒಪ್ಪಿಲ್ಲ: ಚಲಿಸುವುದರ ಕಡೆಗೆ ಕಣ್ಣು ತಾನಾಗಿಯೇ ತಿರುಗುತ್ತದೆ, ಹಾಗಿರುವಾಗ ಓದಬೇಕಾದ ಪದದ ಬೆನ್ನಿಗೇ ಅದನ್ನು ಕೂರಿಸುವುದು ಆ ಪದದೊಡನೆ ಜಗಳಕ್ಕಿಳಿದಂತೆ.

ಗುರಿಯನ್ನು ದಾಟಿ ಪುಟಿದು ಹಿಂದಕ್ಕೆ ಬಂದು ನಿಲ್ಲುವ ಚಲನೆ ಮಕ್ಕಳ ಕಾರ್ಯಕ್ರಮಕ್ಕೂ ಕ್ರೀಡೆಗೂ ಒಪ್ಪುತ್ತದೆ. ಆದರೆ ಸುದ್ದಿ ವಾಹಿನಿಯ ಅದೇ ಪಟ್ಟಿ ಒಂದು ದಿನ ಅಪಘಾತದಲ್ಲಿ ತೀರಿಕೊಂಡವರ ಹೆಸರನ್ನೂ ಹೊತ್ತು ಬರಬೇಕಾಗುತ್ತದೆ. ಆ ಹೆಸರು ಪರದೆಯ ಮೇಲೆ ಕುಣಿದು ನಿಲ್ಲುವುದನ್ನು ಮನೆಯವರು ನೋಡುತ್ತಾರೆ. ಸುದ್ದಿಗೆ ಪಟ್ಟಿ ರೂಪಿಸುವಾಗ ಮೊದಲು ಈ ಸಂದರ್ಭಕ್ಕೆ ಅದು ಒಪ್ಪುತ್ತದೆಯೇ ಎಂದು ನೋಡಿ, ಉಳಿದವುಗಳಿಗೆ ಆಮೇಲೆ.

ಪ್ರಶ್ನೆ: ಒಂದೊಂದೇ ಅಕ್ಷರ ಬರುವಂತೆ ಅನಿಮೇಟ್ ಮಾಡಿದರೆ ಕನ್ನಡದ ಒತ್ತಕ್ಷರಗಳು ಒಡೆದು ಹೋಗುತ್ತವೆ. ಇಂಗ್ಲಿಷಿನಲ್ಲಿ ಹೀಗಾಗುವುದಿಲ್ಲ. ಏಕೆ?

ಉತ್ತರ: ತಂತ್ರಾಂಶವು ಯುನಿಕೋಡಿನ ಒಂದೊಂದು ಸಂಕೇತವನ್ನೂ ಒಂದೊಂದು ಅಕ್ಷರವೆಂದು ಎಣಿಸುತ್ತಿರುವುದರಿಂದ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಕಂಪ್ಯೂಟರಿನಲ್ಲಿ ಅದು ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ ಎಂಬ ಆರು ಸಂಕೇತಗಳ ಸಾಲು. ಅನಿಮೇಷನ್ ಈ ಸಾಲನ್ನು ನಡುವೆ ತುಂಡರಿಸಿದಾಗ ಒತ್ತುಗಳನ್ನು ಜೋಡಿಸುವ ಲಿಪಿಯ ನಿಯಮ ಕೆಲಸ ಮಾಡಲಾರದು. ತಂತ್ರಾಂಶದ ಪಠ್ಯದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಮೀಸಲಾದ ವಿಧಾನವಿದ್ದರೆ ಅದನ್ನು ಆರಿಸಿಕೊಳ್ಳಿ. ಆಗಲೂ ಒಡೆದರೆ ಅಕ್ಷರದ ಬದಲು ಪದವನ್ನೇ ಚಲನೆಯ ಘಟಕವಾಗಿಸಿ. ಇಡೀ ಸಾಲನ್ನು ಒಂದು ಮುಸುಕಿನ ಹಿಂದಿನಿಂದ ಎಡದಿಂದ ಬಲಕ್ಕೆ ತೆರೆಯುವುದು ಇನ್ನೂ ಸುರಕ್ಷಿತ, ನನ್ನ ಕಣ್ಣಿಗೆ ಹೆಚ್ಚು ಚೆಂದವೂ ಹೌದು. ಲ್ಯಾಟಿನ್ ಅಕ್ಷರಕ್ಕೆಂದು ಅಳೆದ ಪಟ್ಟಿಯ ಎತ್ತರವನ್ನು ಕನ್ನಡಕ್ಕೆ ಹಾಗೆಯೇ ಬಳಸಬೇಡಿ. ಕೆಳಗಿನ ಒತ್ತು, ಮೇಲಿನ ಗುಣಿತದ ಚಿಹ್ನೆ ಎರಡಕ್ಕೂ ಜಾಗ ಬೇಕು. ‘ಸ್ತ್ರೀ’, ‘ರಾಷ್ಟ್ರೀಯ’ದಂಥ ಪದಗಳನ್ನು ಮಾದರಿಯಾಗಿಟ್ಟುಕೊಂಡು ಅಳೆದರೆ ಮುಂದೆ ಯಾವ ಪದವೂ ಪಟ್ಟಿಯ ಕೆಳಗೆ ಇಣುಕುವುದಿಲ್ಲ.

ಪ್ರಶ್ನೆ: ಪರದೆಯ ಕೆಳಗೆ ಓಡುವ ಸ್ಕ್ರಾಲ್ ತಡವರಿಸುತ್ತಾ ಸಾಗುತ್ತದೆ. ಕಂಪ್ಯೂಟರಿನ ಶಕ್ತಿ ಸಾಲದೇ?

ಉತ್ತರ: ಬಹುತೇಕ ಸಂದರ್ಭಗಳಲ್ಲಿ ಕಾರಣ ವೇಗದ ಆಯ್ಕೆ. ಪಠ್ಯವು ಪ್ರತಿ ಫೀಲ್ಡಿಗೆ 3.7 ಪಿಕ್ಸೆಲ್‌ನಂತೆ ಸರಿದರೆ ಅಕ್ಷರದ ಅಂಚು ಪ್ರತಿ ಸಲವೂ ಪಿಕ್ಸೆಲ್ಲಿನ ಬೇರೊಂದು ಭಾಗದಲ್ಲಿ ಬೀಳುತ್ತದೆ, ಅದು ಮಸುಕಾಗಿಯೋ ಕುಲುಕಿದಂತೆಯೋ ಕಾಣುತ್ತದೆ. ಪೂರ್ಣಾಂಕವನ್ನೇ ಆರಿಸಿ. 50 ಫೀಲ್ಡ್‌ಗಳ ಪ್ರಸಾರದಲ್ಲಿ ಫೀಲ್ಡಿಗೆ 4 ಪಿಕ್ಸೆಲ್ ಎಂದರೆ ಸೆಕೆಂಡಿಗೆ 200 ಪಿಕ್ಸೆಲ್. 1920 ಪಿಕ್ಸೆಲ್ ಅಗಲದ ಪರದೆಯನ್ನು ಒಂದು ಪದ 9.6 ಸೆಕೆಂಡಿನಲ್ಲಿ ದಾಟುತ್ತದೆ. ಕಾರ್ಯಕ್ರಮದ ಕೊನೆಯಲ್ಲಿ ಕೆಳಗಿನಿಂದ ಮೇಲಕ್ಕೆ ಏರುವ ಹೆಸರುಗಳಿಗೆ ಇನ್ನೊಂದು ಎಚ್ಚರಿಕೆಯೂ ಬೇಕು: ಇಂಟರ್‌ಲೇಸ್ ಪ್ರಸಾರದಲ್ಲಿ ಅವು ಫೀಲ್ಡಿಗೆ ಒಂದೇ ಸಾಲಿನಂತೆ ಏರಿದರೆ ಎರಡೂ ಫೀಲ್ಡ್‌ಗಳು ಅಕ್ಷರದ ಅವೇ ಸಾಲುಗಳನ್ನು ತೋರಿಸಿ, ಉಳಿದ ಅರ್ಧ ವಿವರ ಕಾಣದೇ ಹೋಗುತ್ತದೆ. ಫೀಲ್ಡಿಗೆ ಎರಡು ಸಾಲಿನಂತೆ ಏರಿಸಿ.

ಪ್ರಶ್ನೆ: ದೊಡ್ಡ ಸುದ್ದಿ ಬಂದಾಗ ಇಡೀ ಪರದೆ ಕೆಂಪಾಗಿ ಫಳಫಳನೆ ಮಿನುಗಬೇಕೆಂದು ಸಂಪಾದಕರು ಕೇಳುತ್ತಾರೆ. ಒಪ್ಪಬಹುದೇ?

ಉತ್ತರ: ಒಪ್ಪಬಾರದು, ಮತ್ತು ಇದನ್ನು ಅಭಿರುಚಿಯ ಪ್ರಶ್ನೆಯೆಂದು ಬಗೆಯಲೂಬಾರದು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಮಕ್ಕಳ ಕಾರ್ಟೂನ್ ಒಂದರ ಕಂತಿನಲ್ಲಿ ಕೆಂಪು ಮತ್ತು ನೀಲಿ ಬಣ್ಣಗಳು ಸೆಕೆಂಡಿಗೆ ಸುಮಾರು 12 ಸಲ ಅದಲುಬದಲಾಗಿ ಮಿನುಗಿದ್ದರಿಂದ ಆರುನೂರಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಅವರಲ್ಲಿ ಬಹುಪಾಲು ಮಕ್ಕಳು. ಮಿನುಗುವ ಬೆಳಕಿನಿಂದ ಅಪಸ್ಮಾರದ ಸೆಳವು ಬರುವವರ ರಕ್ಷಣೆಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.1702 ಎಂಬ ಶಿಫಾರಸೇ ಇದೆ. ಯಾವುದೇ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಮಿನುಗು ಇರಬಾರದು, ಪರದೆಯ ಕಾಲು ಭಾಗಕ್ಕಿಂತ ಹೆಚ್ಚು ಜಾಗದಲ್ಲಿ ಅದು ಹರಡಬಾರದು, ಗಾಢ ಕೆಂಪಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು ಎಂಬ ಮಿತಿಗಳನ್ನು ಸಂಪಾದಕರ ಮುಂದಿಡಿ. ತುರ್ತನ್ನು ತೋರಿಸಲು ಒಂದೇ ಒಂದು ಸಲ ಬಣ್ಣ ಬದಲಾಗುವ ಅಗಲವಾದ ಪಟ್ಟಿ ಸಾಕು. ಅದು ದಿನಕ್ಕೆ ಹತ್ತು ಸಲ ಬರದಿದ್ದರೆ ಜನ ಖಂಡಿತ ತಿರುಗಿ ನೋಡುತ್ತಾರೆ.

ಬಣ್ಣದ ಮಾತು ಬಂದಿರುವುದರಿಂದ ಎರಡು ಸಂಗತಿಗಳನ್ನು ಸೇರಿಸುತ್ತೇನೆ. ಪ್ರಸಾರದಲ್ಲಿ ಬಣ್ಣದ ಮಾಹಿತಿಯನ್ನು ಬೆಳಕಿನ ಮಾಹಿತಿಗಿಂತ ಕಡಿಮೆ ವಿವರದಲ್ಲಿ ಕಳುಹಿಸುವುದರಿಂದ ಕಪ್ಪು ಅಥವಾ ನೀಲಿಯ ಮೇಲೆ ಬರೆದ ಕೆಂಪು ಅಕ್ಷರದ ಅಂಚುಗಳು ಕದಡಿ ಹೋಗುತ್ತವೆ. ಕೆಂಪು ಹಿನ್ನೆಲೆಯಲ್ಲಿರಲಿ, ಅಕ್ಷರ ಬಿಳಿಯದಾಗಿರಲಿ. ಶುದ್ಧ ಕೆಂಪಿನ ಮೇಲೆ ಬಿಳಿಯ ಕಾಂಟ್ರಾಸ್ಟ್ ಸುಮಾರು 4:1 ಮಾತ್ರ ಆಗುವುದರಿಂದ ಆ ಕೆಂಪನ್ನೂ ತುಸು ಕಡುವಾಗಿಸಿ. ಚುನಾವಣೆಯ ನಕ್ಷೆಯಲ್ಲಿಯೋ ಷೇರು ಸೂಚ್ಯಂಕದಲ್ಲಿಯೋ ಏರಿಕೆ ಇಳಿಕೆಗಳನ್ನು ಹಸಿರು ಮತ್ತು ಕೆಂಪಿನಿಂದಷ್ಟೇ ಸೂಚಿಸಿದರೆ ಆ ಎರಡು ಬಣ್ಣಗಳನ್ನು ಬೇರ್ಪಡಿಸಿ ಕಾಣಲಾರದ ಅನೇಕ ಗಂಡಸರಿಗೆ ಅದು ತಿಳಿಯುವುದಿಲ್ಲ. ಜೊತೆಗೊಂದು ಬಾಣದ ಗುರುತು ಇಡಿ.

ಪ್ರಶ್ನೆ: ಆಟದ ಅಂಕ ಮತ್ತು ಸಮಯ ಸದಾ ಮೂಲೆಯಲ್ಲಿರುವ ಪದ್ಧತಿ ಎಂದಿನಿಂದ ಬಂದಿದೆ? ಮೈದಾನದ ಮೇಲೆಯೇ ಬರೆದಂತೆ ಕಾಣುವ ಗೆರೆಗಳನ್ನು ಹೇಗೆ ಮಾಡುತ್ತಾರೆ?

ಉತ್ತರ: ಅಂಕವನ್ನು ಪಂದ್ಯದುದ್ದಕ್ಕೂ ಪರದೆಯಲ್ಲಿ ಉಳಿಸುವ ಕ್ರಮವನ್ನು ಬ್ರಿಟನ್ನಿನ ಸ್ಕೈ ಸ್ಪೋರ್ಟ್ಸ್ 1992ರಲ್ಲಿ ಫುಟ್‌ಬಾಲ್ ಪ್ರಸಾರದಲ್ಲಿ ತಂದಿತು, 1994ರಲ್ಲಿ ಫಾಕ್ಸ್ ಅದನ್ನು ಅಮೆರಿಕನ್ ಫುಟ್‌ಬಾಲಿಗೆ ಒಯ್ದಿತು. ಎರಡೂ ಕಡೆ ಅದರ ಹಿಂದೆ ಇದ್ದವರು ಡೇವಿಡ್ ಹಿಲ್. ತಡವಾಗಿ ಟಿ.ವಿ. ಹಾಕಿದವರೂ ಒಂದು ನೋಟದಲ್ಲಿ ಪಂದ್ಯದ ಸ್ಥಿತಿ ತಿಳಿಯಬೇಕೆಂಬುದು ಅದರ ಉದ್ದೇಶ. ಅಮೆರಿಕನ್ ಫುಟ್‌ಬಾಲ್ ಮೈದಾನದ ಮೇಲೆ ಕಾಣುವ ಹಳದಿ ಗೆರೆ ಸ್ಪೋರ್ಟ್‌ವಿಷನ್ ಸಂಸ್ಥೆಯದು. 1998ರ ಸೆಪ್ಟೆಂಬರ್ 27ರಂದು ಇಎಸ್‌ಪಿಎನ್ ವಾಹಿನಿಯಲ್ಲಿ ಮೊದಲು ಕಾಣಿಸಿತು. ಕ್ಯಾಮೆರಾ ಎತ್ತ ತಿರುಗಿದೆ, ಎಷ್ಟು ಬಾಗಿದೆ, ಎಷ್ಟು ಜೂಮ್ ಆಗಿದೆ ಎಂಬುದನ್ನು ಸಂವೇದಕಗಳು ಅಳೆಯುತ್ತವೆ. ಮೈದಾನದ ಉಬ್ಬುತಗ್ಗುಗಳ ಮೂರು ಆಯಾಮದ ಮಾದರಿಯೊಂದು ಕಂಪ್ಯೂಟರಿನಲ್ಲಿರುತ್ತದೆ. ಹುಲ್ಲಿನ ಬಣ್ಣಗಳಿರುವ ಪಿಕ್ಸೆಲ್‌ಗಳನ್ನು ಮಾತ್ರ ಬದಲಾಯಿಸಿ ಆಟಗಾರರ ಬಟ್ಟೆಯ ಬಣ್ಣಗಳನ್ನು ಹಾಗೆಯೇ ಬಿಡುವುದರಿಂದ ಗೆರೆ ಅವರ ಕಾಲ ಕೆಳಗೆ ಹಾದುಹೋದಂತೆ ತೋರುತ್ತದೆ.

ಪ್ರಶ್ನೆ: ನೇರ ಪ್ರಸಾರಕ್ಕೆ ಮಾಡಿದ ಲೋಗೋ ಸುತ್ತ ಕಪ್ಪು ಎಳೆಯೊಂದು ಕಾಣುತ್ತದೆ. ಅಲ್ಲದೆ, ನೇರ ಪ್ರಸಾರದ ಗ್ರಾಫಿಕ್ಸ್ ಕಲಿಯಲು ಎಲ್ಲಿಂದ ತೊಡಗಬೇಕು?

ಉತ್ತರ: ಕಪ್ಪು ಎಳೆ ಆಲ್ಫಾ ಚಾನೆಲ್ಲಿನ, ಅಂದರೆ ಚಿತ್ರದ ಯಾವ ಭಾಗ ಎಷ್ಟು ಪಾರದರ್ಶಕ ಎಂಬ ಮಾಹಿತಿಯ, ಗೊಂದಲದಿಂದ ಬರುತ್ತದೆ. ಪಾರದರ್ಶಕತೆಯಿರುವ ಚಿತ್ರವನ್ನು ಎರಡು ವಿಧದಲ್ಲಿ ಉಳಿಸಬಹುದು: ಬಣ್ಣವನ್ನು ಹಾಗೆಯೇ ಇಟ್ಟು ಆಲ್ಫಾವನ್ನು ಬೇರೆಯಾಗಿ ಕೊಡುವುದು ‘ಸ್ಟ್ರೇಟ್’, ಬಣ್ಣವನ್ನು ಮೊದಲೇ ಆಲ್ಫಾದಿಂದ ಗುಣಿಸಿಟ್ಟಿರುವುದು ‘ಪ್ರೀಮಲ್ಟಿಪ್ಲೈಡ್’. ಗುಣಿಸಿದ ಚಿತ್ರವನ್ನು ವಿಷನ್ ಮಿಕ್ಸರ್ (ಕ್ಯಾಮೆರಾ, ಗ್ರಾಫಿಕ್ಸ್‌ಗಳ ಚಿತ್ರಗಳನ್ನು ಬೆರೆಸುವ ಯಂತ್ರ) ಇನ್ನೊಮ್ಮೆ ಗುಣಿಸಿದರೆ ಅರೆಪಾರದರ್ಶಕ ಅಂಚುಗಳು ಕಪ್ಪಾಗುತ್ತವೆ. ನಿಮ್ಮ ಫೈಲ್ ಯಾವ ಬಗೆಯದೆಂದು ಗೊತ್ತುಮಾಡಿಕೊಂಡು ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂರಿಸುವ ಮಿಕ್ಸರಿನ ಕೀಯರ್ ಅನ್ನು ಅದಕ್ಕೆ ಹೊಂದಿಸಿಕೊಳ್ಳಿ. ಪರೀಕ್ಷಿಸಲು ಮೃದು ಅಂಚಿನ ಬಿಳಿ ವೃತ್ತವೊಂದನ್ನು ಬಿಳಿ ಹಿನ್ನೆಲೆಯ ಮೇಲಿಡಿ. ಸೆಟ್ಟಿಂಗ್ ಸರಿಯಿದ್ದರೆ ಏನೂ ಕಾಣಬಾರದು, ಬೂದು ಬಳೆಯೊಂದು ಕಂಡರೆ ಎಲ್ಲೋ ಎರಡು ಸಲ ಗುಣಾಕಾರವಾಗಿದೆ.

ಕಲಿಕೆಯ ಬಗ್ಗೆ: ಸಿದ್ಧ ವಿಡಿಯೊ ಮಾಡುವುದಕ್ಕೂ ನೇರ ಪ್ರಸಾರದ ಟೆಂಪ್ಲೇಟ್ ಮಾಡುವುದಕ್ಕೂ ಇರುವ ಮುಖ್ಯ ವ್ಯತ್ಯಾಸವೆಂದರೆ, ಟೆಂಪ್ಲೇಟಿನಲ್ಲಿ ಯಾವ ಪಠ್ಯ ಬರುತ್ತದೆಂದು ವಿನ್ಯಾಸಕರಿಗೆ ಮುಂಚೆ ತಿಳಿದಿರುವುದಿಲ್ಲ. ದೊಡ್ಡ ವಾಹಿನಿಗಳಲ್ಲಿ ವಿಜ್‌ಆರ್‌ಟಿಯಂಥ ವ್ಯವಸ್ಥೆಗಳಿರುತ್ತವೆ. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಸ್ವೀಡನ್ನಿನ ಸಾರ್ವಜನಿಕ ವಾಹಿನಿ ಎಸ್‌ವಿಟಿ ರೂಪಿಸಿ ಮುಕ್ತವಾಗಿ ಬಿಟ್ಟಿರುವ ಕ್ಯಾಸ್ಪರ್‌ಸಿಜಿ ತಂತ್ರಾಂಶ ಒಳ್ಳೆಯದು, ಏಕೆಂದರೆ ಅದರ ಟೆಂಪ್ಲೇಟುಗಳನ್ನು ವೆಬ್ ಪುಟದಂತೆ ಎಚ್‌ಟಿಎಂಎಲ್‌ನಲ್ಲಿ ಬರೆಯಬಹುದು. ಒಂದು ಹೆಸರಿನ ಪಟ್ಟಿಯಿಂದ ತೊಡಗಿ. ಬರುವುದು, ನಿಲ್ಲುವುದು, ಹೋಗುವುದು ಎಂಬ ಮೂರು ಹಂತಗಳನ್ನು ಬೇರೆ ಬೇರೆಯಾಗಿ ಮಾಡಿ, ನಿಲ್ಲುವ ಹಂತಕ್ಕೆ ಅವಧಿ ಗೊತ್ತುಪಡಿಸದೆ ಆಪರೇಟರ್ ಹೇಳುವವರೆಗೂ ನಿಲ್ಲುವಂತೆ ಇಡಿ. ನಂತರ ಅದಕ್ಕೆ ನಿಮಗೆ ತೋಚುವ ಅತಿ ಉದ್ದದ ಹೆಸರನ್ನು ಕೊಡಿ, ಎರಡೇ ಅಕ್ಷರದ ಹೆಸರನ್ನು ಕೊಡಿ, ಹುದ್ದೆಯ ಸಾಲನ್ನು ಖಾಲಿ ಬಿಡಿ, ಪಟ್ಟಿ ಪರದೆಯ ಮೇಲಿರುವಾಗಲೇ ಹೆಸರನ್ನು ಬದಲಾಯಿಸಿ. ಉದ್ದದ ಹೆಸರಿಗೆ ಅಕ್ಷರಗಳನ್ನು ಅವುಗಳ ಮೂಲ ಅಗಲದ ಶೇ. 85ಕ್ಕಿಂತ ಕಿರಿದಾಗಿಸಬೇಡಿ, ಪಟ್ಟಿಯೇ ಹಿಗ್ಗಲಿ. ಈ ನಾಲ್ಕೂ ಪರೀಕ್ಷೆಗಳಲ್ಲಿ ಪಟ್ಟಿ ಕೆಡದೆ ನಿಂತರೆ, ಅನಂತರ ಅಂಕಪಟ್ಟಿ ಮತ್ತು ಚುನಾವಣಾ ಫಲಿತಾಂಶದ ಕೋಷ್ಟಕಗಳ ಕಡೆಗೆ ಹೋಗಿ. ಅಲ್ಲಿ ಪಠ್ಯದ ಜೊತೆಗೆ ಕ್ಷಣಕ್ಷಣವೂ ಬದಲಾಗುವ ಅಂಕಿಗಳೂ ಸೇರಿಕೊಳ್ಳುತ್ತವೆ, ಆದ್ದರಿಂದ ಎಲ್ಲ ಅಂಕಿಗಳೂ ಒಂದೇ ಅಗಲವಿರುವ ಫಾಂಟನ್ನು ಆರಿಸಿಕೊಳ್ಳಿ, ಇಲ್ಲದಿದ್ದರೆ ಪ್ರತಿ ಬದಲಾವಣೆಗೂ ಇಡೀ ಸಾಲು ಕದಲುತ್ತದೆ.